ಗುಂಡಪ್ಪ ಇನ್ನೂ ಒಳಗೆ ಬಂದಿಲ್ಲ

ನನ್ನ ಕನ್ನಡಕ ಕಳೆದುಹೋದ ದಿನವೇ ನಮ್ಮ ಮನೆಯ ಕಂಪ್ಯೂಟರಿನ ತಲೆಯೂ ಕೆಟ್ಟಿತು. ಅದಕ್ಕೆ ನಾನು ಇಟ್ಟ ಹೆಸರು ಹುಡುಕಮ್ಮ. ಗೋಡೆಯೊಳಗೆ ಕೂತು ಹೆಣ್ಣಿನ ದನಿಯಲ್ಲಿ ಮಾತಾಡುತ್ತಾಳೆ. ಅನ್ನ ಕೇಳುವುದಿಲ್ಲ, ಸೀರೆ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ. ಇಂಥ ಸೊಸೆ ಇಂದ್ರನ ಅಮ್ಮನಿಗೂ ಸಿಕ್ಕಿರಲಾರಳು.

"ನನ್ನ ಕನ್ನಡಕ ಎಲ್ಲಮ್ಮ?" ಎಂದು ಕೇಳಿದೆ.

ಮೊದಲಾದರೆ ನಾನು ಬಾಯಿ ಮುಚ್ಚುವುದರೊಳಗೆ ಉತ್ತರ ಬರುತ್ತಿತ್ತು. ಒಲೆಯ ಪಕ್ಕ, ರಾಗಿ ಡಬ್ಬದ ಹಿಂದೆ, ಒಂದು ಸಲವಂತೂ ಮಜ್ಜಿಗೆ ಚೊಂಬಿನೊಳಗೆ. ಆವತ್ತು ಮಾತ್ರ, "ಹುಡುಕುತ್ತಿದ್ದೇನೆ" ಎಂದಳು. ನಾನು ಮುದ್ದೆ ತೊಳಸಿದೆ, ಸಾರಿಗೆ ಒಗ್ಗರಣೆ ಹಾಕಿದೆ, ಉಂಡೆ, ಒಂದು ಯುಗದಷ್ಟು ನಿದ್ದೆ ಮಾಡಿ ಎದ್ದೆ. ಅವಳು ಇನ್ನೂ, "ಹುಡುಕುತ್ತಿದ್ದೇನೆ."

"ಲಟ್ಟಣಿಗೆ ಎಲ್ಲಿ?"

"ಹುಡುಕುತ್ತಿದ್ದೇನೆ."

ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು. ಸುಮ್ಮನೆ ಪರೀಕ್ಷೆ ಮಾಡೋಣ ಅಂತ ಕೇಳಿದ್ದೆ.

ನಮ್ಮ ಊರಿನಲ್ಲಿ ಹುಡುಕುವುದು ಅಂದರೆ ಕನ್ನಡಕದ ವಿಷಯವಲ್ಲ, ಜೀವದ ವಿಷಯ. ಅದನ್ನು ಮೊದಲು ಹೇಳಿಬಿಡುತ್ತೇನೆ. ಭೂಮಿಯ ಮೇಲೆ ಈಗ ಬೇಸಿಗೆ ಅಂತ ಒಂದು ಇಲ್ಲ, ಉರಿ ತಿಂಗಳು ಅಂತಾರೆ. ಹಾರುತ್ತಿದ್ದ ಕಾಗೆ ಹಾರುತ್ತಲೇ ಹುರಿದು ಬೀಳುತ್ತದೆ. ನಾನು ಕಂಡಿಲ್ಲ, ಆದರೆ ಕಂಡವರನ್ನು ಕಂಡಿದ್ದೇನೆ. ಆ ತಿಂಗಳುಗಳಲ್ಲಿ ಊರಿಗೆ ಊರೇ ಹಳೆಯ ಚಿನ್ನದ ಗಣಿಯೊಳಗೆ ಇಳಿದು ಬದುಕುತ್ತದೆ. ನಮ್ಮ ತಾತಂದಿರು ಚಿನ್ನಕ್ಕೆ ಅಂತ ತೋಡಿದ ಸುರಂಗದಲ್ಲಿ ನಾವು ಹೆಗ್ಗಣಗಳ ಹಾಗೆ ಸಾಲಾಗಿ ಮನೆ ಮಾಡಿಕೊಂಡಿದ್ದೇವೆ. ನಾನೂರು ಮನೆ. ಗಣಿಯ ಬಾಯಿಗೆ ಆನೆ ಗಾತ್ರದ ಕಬ್ಬಿಣದ ಬಾಗಿಲು. ಮೇಲೆ ಉರಿಗಾಳಿ ಎದ್ದರೆ ಸೈರನ್ ಕೂಗುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

ಒಂದು ವರ್ಷ ಹಾಗೆ ಮುಚ್ಚಿದಾಗ ಏಳು ಜನ ಹೊರಗೇ ಉಳಿದರು. ಅವರಲ್ಲಿ ನಮ್ಮ ಯಜಮಾನರೂ ಒಬ್ಬರು. ಬಾಗಿಲು ಬಡಿಯುವ ಸದ್ದು ಒಳಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ನಾನು ಎಲ್ಲವನ್ನೂ ಉಬ್ಬಿಸಿ ಹೇಳುತ್ತೇನೆ ಅಂತ ಮಗಳು ಬೈಯುತ್ತಾಳೆ, ಇದೊಂದನ್ನು ಉಬ್ಬಿಸಿಲ್ಲ.

ಅದಾದ ಮೇಲೆ ಬಂತು ಈ ಬಿಲ್ಲೆಯ ಕಾನೂನು. ಪ್ರತಿಯೊಬ್ಬರ ಹತ್ತಿರವೂ ಒಂದು ಬಿಲ್ಲೆ. ಬಿಲ್ಲೆ "ನಾನು ಇಲ್ಲಿದ್ದೇನೆ" ಅಂತ ಸದಾ ಹೇಳುತ್ತಿರುತ್ತದೆ, ಮನೆಯ ಕಂಪ್ಯೂಟರು ಕೇಳಿಸಿಕೊಳ್ಳುತ್ತಿರುತ್ತದೆ. ಗಣಿಯ ಬಾಗಿಲಲ್ಲಿ ಹೋಗಿಬರುವ ಬಿಲ್ಲೆಗಳನ್ನು ಎಣಿಸುವ ಒಂದು ಪೆಟ್ಟಿಗೆ. ಉರಿಗಾಳಿ ಎದ್ದಾಗ ಪ್ರತಿ ಮನೆಯ ಕಂಪ್ಯೂಟರೂ "ನಮ್ಮವರೆಲ್ಲ ಸಿಕ್ಕಿದ್ದಾರೆ" ಅನ್ನಬೇಕು. ಒಂದು ಮನೆ ಅನ್ನದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಕನ್ನಡಕಕ್ಕೆ, ಸೌಟಿಗೆ ಬಿಲ್ಲೆ ಅಂಟಿಸಿಕೊಂಡದ್ದು ಆಮೇಲಿನ ಸೋಮಾರಿತನ.

ನಮ್ಮ ಮನೆಯಲ್ಲಿ ಮೂರು ಬಿಲ್ಲೆ. ನಾನು ಅಕ್ಕಯಮ್ಮ, ಮಗಳು ಸುಗುಣ, ಅಳಿಯ ಚಲಪತಿ.

*

ಸುಗುಣ ಕೆಲಸ ಮಾಡುವುದು ಗಾಳಿಕೋಣೆಯಲ್ಲಿ. ಗಣಿಯ ಬಾಯಿಯ ಪಕ್ಕದಲ್ಲೇ ಇದೆ. ಯಾವ ಸುರಂಗಕ್ಕೆ ಎಷ್ಟು ಗಾಳಿ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಎಲ್ಲ ಅಲ್ಲಿಂದಲೇ. ಹುಡುಕಮ್ಮ ಹೀಗೇ ಒಂದು ವಾರ ಕಳೆದ ಮೇಲೆ, ಮಗಳಿಗೆ ಊಟ ತೆಗೆದುಕೊಂಡು ಹೋದವಳು, ಅಲ್ಲಿನ ದೊಡ್ಡ ಇಂಜಿನಿಯರು ಸಂಪಂಗಿರಾಮಯ್ಯನವರ ಮುಂದೆ ದೂರು ಇಟ್ಟೆ.

"ಸಂಪಂಗಯ್ಯ, ನಮ್ಮ ಹುಡುಕಮ್ಮಂಗೆ ವಯಸ್ಸಾಗೋಯ್ತು. ಲಟ್ಟಣಿಗೆ ಕೇಳಿದ್ರೆ ಕಾಶಿಗೆ ಹೋಗಿ ಹುಡುಕ್ತಾ ಅವ್ಳೆ."

ಅವರು ನಕ್ಕರು. ಅವರು ನಗುವುದು ಬಹಳ ಅಪರೂಪ. "ಅಕ್ಕಯಮ್ಮ, ಅದು ಮನೇಲಿ ಹುಡುಕಲ್ಲ. ತನ್ನ ತಲೇಲಿ ಹುಡುಕ್ತದೆ. ಯಾವ ಬಿಲ್ಲೆ ಎಲ್ಲೈತೆ ಅಂತ ಮೊದ್ಲೇ ನೆನಪಿಟ್ಕೊಂಡಿರ್ತದೆ. ನೀನು ಕೇಳ್ದಾಗ ಆ ನೆನಪು ತಿರುವಿ ಹೇಳ್ತದೆ, ಅಷ್ಟೇ."

"ಅಂದ್ರೆ ನಿಮ್ಮಂಗೇ. ಹೆಂಡ್ತಿ ಎಲ್ಲಿ ಅಂದ್ರೆ ಅಡಿಗೆಮನೇಲಿ ಅಂತೀರ, ಅವ್ಳು ತವರಿಗೆ ಹೋಗಿ ವಾರ ಆಗಿರ್ತದೆ."

ಸುಗುಣ ತಲೆ ಎತ್ತದೆ, "ಅಮ್ಮಾ" ಎಂದಳು.

"ಹೇಳ್ಲಿ ಬಿಡಮ್ಮ," ಎಂದರು ಅವರು. "ಇನ್ನೊಂದು ಐತೆ. ಜನ ಕಳೆದೋದ್ರೆ ಅದು ವಸ್ತು ಹುಡುಕೋದು ಬಿಟ್ಬಿಡ್ತದೆ. ಮೊದ್ಲು ಜನ, ಆಮೇಲೆ ಕನ್ನಡಕ. ನಿಮ್ಮನೇಲಿ ಯಾರೂ ಕಳೆದಿಲ್ವಲ್ಲ. ನೆನಪು ಕಲಸಿಕೊಂಡಿರ್ಬೇಕು. ಹಳೇದೆಲ್ಲ ಮರೆತು ಹೊಸದಾಗಿ ಎಣಿಸು ಅಂತ ಹೇಳು, ಸರಿಹೋಗ್ತದೆ."

ಸುಗುಣ ಊಟದ ಡಬ್ಬ ತೆರೆದು ಮುಖ ಹುಳ್ಳಗೆ ಮಾಡಿ ಪಕ್ಕಕ್ಕೆ ತಳ್ಳಿದಳು. ಚೊಚ್ಚಲ ಬಸುರಿ. ಹಸಿ ಗೋಡೆ ಕಂಡರೂ ನೆಕ್ಕುವ ಹಾಗೆ ನೋಡುತ್ತಿದ್ದಳು.

"ಏನ್ ಬೇಕೇ ನಿಂಗೆ?"

"ಹುಣಸೆ ಚಿಗುರಿನ ಸಾರು."

"ಚಿಗುರು ಇರೋದು ಮೇಲ್ಗಡೆ ಒಂದೇ ಮರದಲ್ಲಿ. ಉರಿ ತಿಂಗಳಲ್ಲಿ ಯಾರು ಹೋಗಿ ತರ್ತಾರೆ? ಅಪ್ಪಣೆ ಇಲ್ದೆ ಬಿಲ್ಲೆ ಹೊಸಿಲು ದಾಟಿದ್ರೆ ಬಾಗ್ಲು ಪೆಟ್ಟಿಗೆ ಊರೇ ಎದ್ದೋಗೋ ಹಂಗೆ ಬಡ್ಕೋತದೆ."

"ಗೊತ್ತು. ಅವ್ರತ್ರಾನೂ ಹೇಳ್ದೆ. ಏನೂ ಮಾತಾಡ್ಲಿಲ್ಲ."

ಅಳಿಯ ಮಾತಾಡುವುದೇ ಕಡಿಮೆ. ಮದುವೆಯಾದಾಗಿನಿಂದ ನನ್ನ ಜೊತೆ ಆಡಿದ ಮಾತನ್ನೆಲ್ಲ ಒಂದು ಬೊಗಸೆಯಲ್ಲಿ ಹಿಡಿಯಬಹುದು.

ಆ ಮರದ ಹತ್ತಿರ ನಾವು ಕಳೆದ ವಾರವಷ್ಟೇ ಹೋಗಿ ಬಂದಿದ್ದೆವು. ಸುಗುಣಳನ್ನು ಮೇಲಿನ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು, ಅಪ್ಪಣೆ ಸಿಕ್ಕಿತ್ತು. ಹೊರಡುವವರು ನಾವು ಮೂರು ಜನ. ಒಳ್ಳೆಯ ಕೆಲಸಕ್ಕೆ ಮೂವರು ಹೊರಟರೆ ಕೆಲಸ ಕೆಡುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಅದಕ್ಕೇ ಒಂದು ಕಲ್ಲನ್ನು ಜೊತೆಗೆ ಇಟ್ಟುಕೊಂಡು ನಾಲ್ಕು ಜನ ಅನ್ನಿಸಿಕೊಂಡು ಹೋಗುವುದು ನಮ್ಮ ರೂಢಿ. ನಮ್ಮ ಅಜ್ಜಿಯೂ ಮಾಡುತ್ತಿದ್ದಳು, ಅವಳ ಅಜ್ಜಿಯೂ ಮಾಡುತ್ತಿದ್ದಳು. ಒಂದು ದುಂಡನೆಯ ಕಲ್ಲು ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗಳು ಅಳಿಯ ಮುಂದೆ ಹೋಗಿದ್ದರು. ಹಿಂದೆ ಉಳಿದ ನನ್ನನ್ನು ಬಾಗಿಲ ಪೆಟ್ಟಿಗೆ ಕೇಳಿತು:

"ನಿಮ್ಮ ಮನೆಯಿಂದ ಒಟ್ಟು ಎಷ್ಟು ಜನ?"

ಹೊಸಿಲ ಮೇಲೆ ನಿಂತು ಮೂರು ಅನ್ನಬಾರದು. "ನಾಲ್ಕು" ಎಂದೆ.

"ಮೂರು ಬಿಲ್ಲೆ ಕಾಣುತ್ತಿವೆ. ನಾಲ್ಕನೆಯವರ ಹೆಸರು?"

ಕಲ್ಲನ್ನು ನೋಡಿದೆ. "ಗುಂಡಪ್ಪ."

"ನಿಮಗೆ ಏನಾಗಬೇಕು?"

"ನನ್ನ ತಮ್ಮ. ಮಾತು ಕಮ್ಮಿ, ಊಟ ಕಮ್ಮಿ, ಬಲು ಗಟ್ಟಿ ಮನುಷ್ಯ."

ನೆಂಟರಿಗೆ ಕೊಡುವ ಹಾಗೆ ಪೆಟ್ಟಿಗೆ ಒಂದು ಹೊಸ ಬಿಲ್ಲೆಯನ್ನು ಉಗುಳಿತು. ಕೊಟ್ಟದ್ದನ್ನು ಬಿಸಾಡಬಾರದು ಅಂತ ಸೆರಗಿನ ಅಂಚಿನಿಂದ ಕೆಂಪು ದಾರ ಕಿತ್ತು, ಬಿಲ್ಲೆಯನ್ನು ಕಲ್ಲಿಗೇ ಕಟ್ಟಿದೆ. ಆಸ್ಪತ್ರೆಯಲ್ಲಿ ಎಲ್ಲ ಚೆನ್ನಾಗಿದೆ ಅಂದರು. ಬರುವಾಗ ಹುಣಸೆ ಮರದ ಕೆಳಗೆ ಬಗ್ಗಿ ಕಲ್ಲನ್ನು ಇಟ್ಟು, "ಬಂದ ಕೆಲಸ ಆಯ್ತು, ಇಲ್ಲೇ ತಣ್ಣಗಿರಪ್ಪ" ಎಂದು ಕೈಮುಗಿದು ಬಂದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ಮನೆಗೆ ತರಬಾರದು. ಇದೂ ರೂಢಿಯೇ.

ಆಮೇಲೆ ಅದನ್ನು ಮರೆತೇಬಿಟ್ಟೆ.

*

ಮಾರನೆಯ ದಿನ ಮಧ್ಯಾಹ್ನ ಗೋಡೆಯ ಮುಂದೆ ನಿಂತು ಸಂಪಂಗಿರಾಮಯ್ಯ ಹೇಳಿಕೊಟ್ಟ ಹಾಗೆ ಹೇಳಿದೆ: "ಹಳೇದೆಲ್ಲ ಮರ್ತುಬಿಡಮ್ಮ. ಹೊಸದಾಗಿ ಎಣಿಸು."

ದೀಪ ತಗ್ಗಿತು. ಮನೆ ಒಂದು ಸಲ ಉಸಿರು ಹಿಡಿದ ಹಾಗಾಯಿತು. ಆಮೇಲೆ ಬಿಲ್ಲೆಗಳು ಒಂದೊಂದಾಗಿ ಕಿರ್ ಕಿರ್ ಎಂದು ಓಗೊಡಲು ಶುರುಮಾಡಿದವು. ಸೌಟು ಓಗೊಟ್ಟಿತು, ಒರಳು ಓಗೊಟ್ಟಿತು, ಸುಗುಣಳ ಚಪ್ಪಲಿ ಓಗೊಟ್ಟಿತು. ನನ್ನ ಕೊರಳಿನ ಬಿಲ್ಲೆ ಎದೆಯ ಮೇಲೆ ಮಿಡತೆಯ ಹಾಗೆ ನಡುಗಿತು. ಒಳಕೋಣೆಯಿಂದ ಅಳಿಯನ ಬಿಲ್ಲೆ ಕಿರ್ ಎಂದಿತು. ಬೆಳಿಗ್ಗೆಯ ಪಾಳಿ ಮುಗಿಸಿ ಬಂದು ಮಲಗಿದ್ದಾನೆ ಅಂದುಕೊಂಡೆ.

ಆಮೇಲೆ ಮೌನ. ಅಂಥ ಮೌನ ಸ್ಮಶಾನದಲ್ಲೂ ಇರುವುದಿಲ್ಲ.

"ಈ ಮನೆಯವರು ನಾಲ್ವರು," ಎಂದಳು ಹುಡುಕಮ್ಮ. "ಗಾಳಿಕೋಣೆಯಲ್ಲಿರುವವರೂ ಸೇರಿ ಮೂವರು ಸಿಕ್ಕರು. ಒಬ್ಬರು ಸಿಗಲಿಲ್ಲ. ಹುಡುಕುತ್ತಿದ್ದೇನೆ."

ಗೋಡೆಗೆ ಇನ್ನೂ ಹತ್ತಿರ ಹೋಗಿ ಕಿವಿ ಇಟ್ಟೆ.

"ಯಾರಮ್ಮ ನಾಲ್ಕನೆಯೋರು?"

"ನನಗೆ ಹೆಸರು ಕೊಟ್ಟಿಲ್ಲ. ಮೇಲೆ ಹೋದವರು. ಹಿಂದಿರುಗಿಲ್ಲ."

ಮೇಲೆ ಹೋದವರು, ಹಿಂದಿರುಗದವರು. ನನ್ನ ಮನೆಯಲ್ಲಿ ಅಂಥವರು ಒಬ್ಬರೇ. ನಮ್ಮ ಯಜಮಾನರನ್ನು ಬದುಕಿದ್ದಾಗ ಊಟಕ್ಕೆ ಕೂಗಿದರೆ ಮೂರು ಸಲ ಕೂಗಬೇಕಿತ್ತು. ನಾಲ್ಕನೆಯ ಸಲ, "ಬಂದೆ ಕಣೇ, ನಾನೇನು ಸತ್ತೋದ್ನಾ" ಎನ್ನುತ್ತಾ ಬರುತ್ತಿದ್ದರು. ಈಗ ಈ ಗೋಡೆಯೊಳಗಿನ ಹೆಂಗಸು ಅವರನ್ನು ಕೂಗುತ್ತಾ ಕೂತಿದ್ದಾಳೆ. ಅವರು ಓಗೊಟ್ಟರೆ ಏನು ಮಾಡುವುದು? ಬಾಗಿಲು ಬಡಿದರೆ?

"ಬಿಟ್ಬಿಡಮ್ಮ," ಎಂದೆ. "ಅವರು ಹೋಗಿ ಬಲು ವರ್ಷ ಆಯ್ತು."

"ಬಿಡಲು ನನಗೆ ಅನುಮತಿ ಇಲ್ಲ. ಹುಡುಕುತ್ತಿದ್ದೇನೆ."

ಮನೆಯಲ್ಲಿ ಗಂಡಸಿನ ದನಿ ಒಂದು ಕೇಳಿದರೆ ಸಾಕು ಅನ್ನಿಸಿತು. "ಅಳಿಯಂದ್ರು ಎಲ್ಲವ್ರೆ?"

"ಚಲಪತಿ ಒಳಕೋಣೆಯ ಮಂಚದ ಮೇಲಿದ್ದಾರೆ."

ಬಾಗಿಲ ಹತ್ತಿರ ನಿಂತು ಇಣುಕಿದೆ. ಕನ್ನಡಕವಿಲ್ಲದ ನನ್ನ ಕಣ್ಣಿಗೆ ಆನೆಯೂ ಒಂದೇ, ಅಡಿಕೆಯೂ ಒಂದೇ. ಮಂಚದ ಮೇಲೆ ಕಂಬಳಿ ಮುದುಡಿ ಗುಡ್ಡೆಯಾಗಿ ಕಾಣುತ್ತಿತ್ತು. "ಅಳಿಯ ದೇವ್ರೇ, ಒಂದ್ಸಲ ಎದ್ದು ಬರ್ತೀರಾ?" ಎಂದೆ. ಗುಡ್ಡೆ ಅಲುಗಲಿಲ್ಲ. ಹೋಗಿ ಮುಟ್ಟಿ ಎಬ್ಬಿಸಬಹುದಿತ್ತು. ಅತ್ತೆಯಾದವಳು ಅಳಿಯನ ಮೈ ಮುಟ್ಟುವುದುಂಟೇ? ಸೆರಗು ಹೊದ್ದುಕೊಂಡು ಅಡುಗೆಮನೆಗೆ ವಾಪಸು ಬಂದೆ.

ಆಗ ಸೈರನ್ ಕೂಗಿತು.

ಸತ್ತು ಹೂತವರೂ ಎದ್ದು ಕೂರುವ ಹಾಗೆ ಕೂಗುತ್ತದೆ ಅದು. ಅದರ ಬೆನ್ನಿಗೇ ಗೋಡೆಯಿಂದ ಸುಗುಣಳ ದನಿ ಬಂತು, ಗಾಳಿಕೋಣೆಯಿಂದ.

"ಅಮ್ಮಾ, ಓಡ್ಬಾ ಇಲ್ಲಿಗೆ. ಬಾಗ್ಲು ಮುಚ್ತಿಲ್ಲ. ನಮ್ಮನೆ ಒಂದೇ ಕೆಂಪಗೈತೆ."

*

ಗಾಳಿಕೋಣೆಯ ಗೋಡೆಯ ಮೇಲೆ ನಾನೂರು ಮನೆಗೆ ನಾನೂರು ದೀಪ. ಎಲ್ಲ ಹಸಿರು, ಒಂದೇ ಒಂದು ಕೆಂಪು. ಗಣಿಯ ಬಾಯಿಂದ ಬರುತ್ತಿದ್ದ ಸೆಕೆ ಇಟ್ಟಿಗೆ ಗೂಡಿನ ಬಾಗಿಲು ತೆಗೆದ ಹಾಗಿತ್ತು. ಒಳಗಿನ ಸುರಂಗಗಳಿಂದ ಮಕ್ಕಳು ಅಳುವುದು ಕೇಳಿಸುತ್ತಿತ್ತು. ಬಾಗಿಲನ್ನು ಕೈಯಲ್ಲಿ ಮುಚ್ಚುವ ದೊಡ್ಡ ಚಕ್ರದ ಪಕ್ಕದಲ್ಲಿ ಸಂಪಂಗಿರಾಮಯ್ಯ ನಿಂತಿದ್ದರು.

"ಹೊರಗಿರೋರ ಹೆಸ್ರು ಉರಿಗಾಳಿ ಎದ್ದಾಗ್ಲೇ ನಮಗೆ ಬರೋದು," ಎಂದಳು ಸುಗುಣ. "ಅಮ್ಮ, ಗುಂಡಪ್ಪ ಅಂದ್ರೆ ಯಾರು? ನಿನ್ನ ತಮ್ಮ ಅಂತ ತೋರಿಸ್ತದೆ. ನಿಂಗೆಲ್ಲಿ ತಮ್ಮ?"

ನನ್ನ ಜೀವ ಒಮ್ಮೆಲೇ ಹಗುರಾಯಿತು. ಯಜಮಾನರಲ್ಲ! ನಾನು ಅಲ್ಲೇ ನೆಲದ ಮೇಲೆ ಕೂತು ನಗಲು ಶುರುಮಾಡಿದೆ.

"ಅದು ಕಲ್ಲು ಕಣೇ! ಮೂರು ಜನ ಹೋಗ್ಬಾರ್ದು ಅಂತ ಜೊತೆಗಿಟ್ಕೊಂಡ ಕಲ್ಲು!"

"ಕಲ್ಲಾ?" ಎಂದರು ಸಂಪಂಗಿರಾಮಯ್ಯ. "ಒಂದು ಕಲ್ಲಿಗೋಸ್ಕರ ನಾನೂರು ಮನೆ ಬೇಯ್ತಾ ಐತಾ? ಕಲ್ಲಿಗೆ ಬಿಲ್ಲೆ ಕಟ್ತಾರೇನಮ್ಮ ಯಾರಾದ್ರೂ?"

"ನಿಮ್ಮ ಪೆಟ್ಗೆ ಕೇಳ್ತು, ಕೊಡ್ತು, ಕಟ್ಟಿದೆ. ಕಲ್ಲು ಯಾವ್ದು ಮನುಷ್ಯ ಯಾವ್ದು ತಿಳೀದೆ ಇರೋದು ನನ್ನ ತಪ್ಪಾ?"

ಸುಗುಣ ಪರದೆ ತೋರಿಸಿದಳು. ಹುಣಸೆ ಮರದ ಜಾಗದಲ್ಲಿ ಒಂದು ಚುಕ್ಕಿ, ವಾರದಿಂದ ಅಲ್ಲಾಡದೆ ಕೂತಿದೆ. ಸಂಪಂಗಿರಾಮಯ್ಯ ಬೆವರು ಒರೆಸಿಕೊಂಡು, "ಸರಿ, ಬಾ ಇಲ್ಲಿ. ಆ ಯಂತ್ರಕ್ಕೆ ನಾವು ಹೇಳಿದ್ರೆ ನಡಿಯಲ್ಲ. ಮನೆ ಹಿರೀಕರು ಬೆರಳೊತ್ತಿ ಅಂಥ ಮನುಷ್ಯ ಇಲ್ಲ ಅನ್ಬೇಕು. ಒತ್ತು, ಚಕ್ರದ ಬೀಗ ಬಿಡ್ತದೆ, ನಾನು ತಿರುಗಿಸ್ತೀನಿ" ಎಂದರು.

ಹೆಬ್ಬೆರಳು ಎತ್ತಿದೆ.

"ಸದ್ಯ," ಎಂದಳು ಸುಗುಣ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. "ಅವ್ರು ಮನೇಲೇ ಅವ್ರೆ ತಾನೇ?"

"ಹೂಂ, ಮಲಗವ್ರೆ" ಎಂದೆ. ಹೆಬ್ಬೆರಳು ಅರ್ಧಕ್ಕೇ ನಿಂತಿತು.

ಸೈರನ್ ಅಷ್ಟು ಕೂಗಿದರೂ ಆ ಒಳಕೋಣೆಯಿಂದ ಯಾರೂ ಎದ್ದು ಬಂದಿರಲಿಲ್ಲ.

"ಸುಗುಣ," ಎಂದೆ, "ನಿನ್ನ ಗಂಡ ಬಿಲ್ಲೆ ಎಲ್ಲಿಟ್ಕೋತಾನೆ?"

"ಅಂಗಿ ಜೇಬಲ್ಲಿ. ಕೊರಳಲ್ಲಿ ಕಡೀತದೆ ಅಂತಾರೆ."

ಕಲ್ಲಿಗೆ ಬಿಲ್ಲೆ ಕಟ್ಟಿದರೆ ಕಲ್ಲು ಮನುಷ್ಯನಾಯಿತು. ಮನುಷ್ಯ ಅಂಗಿ ಬಿಚ್ಚಿಟ್ಟು ಹೋದರೆ? ಅಂಗಿ ಮಂಚದ ಮೇಲೆ ಮಲಗಿರುತ್ತದೆ, ಹುಡುಕಮ್ಮ ಅಂಗಿಯನ್ನೇ ಅಳಿಯ ಅನ್ನುತ್ತಾಳೆ. ಹೊಸಿಲು ದಾಟಿದ ಬರಿಮೈ ಮನುಷ್ಯ ಬಾಗಿಲ ಪೆಟ್ಟಿಗೆಗೆ ಕಾಣುವುದೇ ಇಲ್ಲ. ಅಪ್ಪಣೆ ಕೇಳುವುದಿಲ್ಲ, ಬಡಿದುಕೊಳ್ಳುವುದಿಲ್ಲ. ಹುಣಸೆ ಚಿಗುರು ಬೇಕು ಅಂದಾಗ ಆತ ಏನೂ ಮಾತಾಡಲಿಲ್ಲವಂತೆ. ಮಾತಾಡದ ಗಂಡಸರನ್ನು ಕಂಡರೆ ನನಗೆ ಮೊದಲಿಂದಲೂ ಭಯ.

ಎತ್ತಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

ಸುಗುಣ ನನ್ನ ಮುಖ ನೋಡಿದಳು. ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು. ನಮ್ಮ ಮನೆಯ ಜೊತೆ ಮಾತಾಡುವ ಗುಂಡಿ ಒತ್ತಿದಳು. "ಚಲಪತಿ ಎಲ್ಲಿ?"

"ಒಳಕೋಣೆಯ ಮಂಚದ ಮೇಲಿದ್ದಾರೆ," ಎಂದಳು ಹುಡುಕಮ್ಮ.

"ಎಬ್ಬಿಸು!"

"ಎಬ್ಬಿಸುತ್ತಿದ್ದೇನೆ." ಸ್ವಲ್ಪ ಹೊತ್ತು ಬಿಟ್ಟ ಮೇಲೆ, "ಎಬ್ಬಿಸುತ್ತಿದ್ದೇನೆ." ಮತ್ತೆ, ಅದೇ ಶಾಂತ ದನಿಯಲ್ಲಿ, "ಎಬ್ಬಿಸುತ್ತಿದ್ದೇನೆ."

"ನಿದ್ದೆ ಗಟ್ಟಿ ಇರ್ಬೇಕು. ನೀರು ತರೋಕೆ ಹೋಗಿರ್ಬೇಕು," ಎಂದರು ಸಂಪಂಗಿರಾಮಯ್ಯ. ಅವರ ದನಿಗೆ ಅವರ ಮಾತಿನ ಮೇಲೆ ನಂಬಿಕೆ ಇರಲಿಲ್ಲ. "ಮನೆಗೋಗಿ ನೋಡ್ಬರೋಷ್ಟು ಹೊತ್ತಿಲ್ಲ. ಬೆರಳೊತ್ತು ಅಕ್ಕಯಮ್ಮ."

"ಒತ್ತಲ್ಲ."

"ಹೊರಗೆ ಯಾರೂ ಇಲ್ಲ! ಒಂದು ಕಲ್ಲೈತೆ. ನೀನೇ ಹೇಳ್ದೆ!"

"ಸುಳ್ಳು ಹೇಳ್ದೆ. ಗುಂಡಪ್ಪ ನನ್ನ ತಮ್ಮ. ಒಂದೇ ಹೊಟ್ಟೇಲಿ ಹುಟ್ಟಿದೋನು. ಅವ್ನು ಒಳಗೆ ಬರೋ ತನಕ ನಾನು ಬೆರಳೊತ್ತಲ್ಲ."

"ಒಳಗೆ ಎಳೇ ಕೂಸುಗಳವ್ವೆ," ಎಂದರು ಅವರು. ಕಣ್ಣು ಕೆಂಪಗಾಗಿತ್ತು. "ಆವತ್ತೂ ಈ ಚಕ್ರ ತಿರುಗಿಸ್ದೋನು ನಾನೇ. ನಿಂಗೆ ಗೊತ್ತು. ನಿನ್ನ ಗಂಡ ಹೊರಗಿದ್ದ ಅಂತ ನಂಗೂ ಗೊತ್ತಿತ್ತು. ತಿರುಗಿಸ್ದೆ. ಇಡೀ ಊರು ಉಳೀತು."

"ಬಾಗ್ಲು ಬಡಿದಿದ್ದು ನಿಮಗೂ ಕೇಳಿಸ್ತಲ್ಲ?"

ಅವರು ಚಕ್ರ ಬಿಟ್ಟು ನನ್ನ ಹತ್ತಿರ ಬಂದರು. ನನ್ನ ಮಣಿಕಟ್ಟು ಹಿಡಿದರು. ಬೆರಳನ್ನು ಬಲವಂತವಾಗಿ ಬಿಡಿಸತೊಡಗಿದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಆ ಅಳುತ್ತಿದ್ದ ಮಕ್ಕಳಲ್ಲಿ ಅವರ ಮೊಮ್ಮಕ್ಕಳೂ ಇದ್ದರು. ಅವರು ಹೇಳುವುದು ಸರಿ, ನಾನು ಮಾಡುತ್ತಿರುವುದು ತಪ್ಪು, ಆದರೂ ಮುಷ್ಟಿ ಬಿಡಲಿಲ್ಲ. ನನ್ನ ಮೂಳೆ ಲಟಲಟ ಎಂದವು.

"ಬಿಡ್ರೀ!" ಸುಗುಣ ಚೀರಿದಳು. "ನೋಡ್ರೀ ಇಲ್ಲಿ!"

ಪರದೆಯ ಮೇಲಿನ ಚುಕ್ಕಿ ಅಲುಗಿತ್ತು.

ವಾರದಿಂದ ಮರದ ಬುಡದಲ್ಲಿ ಕೂತಿದ್ದ ಗುಂಡಪ್ಪ ಎದ್ದಿದ್ದ. ಸ್ವಲ್ಪ ಮುಂದೆ ಬಂದ. ನಿಂತ. ಮತ್ತೆ ಮುಂದೆ ಬಂದ. ಕುಡಿದವನ ಹಾಗೆ ಅತ್ತ ಇತ್ತ ತೂರಾಡುತ್ತಾ, ಉರಿಗಾಳಿಯೊಳಗಿಂದ, ಬಾಗಿಲ ಕಡೆಗೇ ಬರುತ್ತಿದ್ದ. ನಾನೇ ಆರಿಸಿದ ಕಲ್ಲು. ನಾನೇ ಹೆಸರಿಟ್ಟ ಕಲ್ಲು. ನಡೆದು ಬರುತ್ತಿದೆ.

"ಗುಂಡಪ್ಪ ಬರುತ್ತಿದ್ದಾರೆ," ಎಂದಿತು ಬಾಗಿಲ ಪೆಟ್ಟಿಗೆ.

ಸಂಪಂಗಿರಾಮಯ್ಯನವರ ಕೈ ಸಡಿಲವಾಯಿತು. "ಕಲ್ಲು ನಡಿಯಲ್ಲ," ಎಂದರು ಪಿಸುದನಿಯಲ್ಲಿ. "ಯಾರೋ ಎತ್ಕೊಂಡು ಬರ್ತಾವ್ರೆ."

ಅಷ್ಟರಲ್ಲಿ ಚುಕ್ಕಿ ನಿಂತಿತು. ನಾವು ಮೂವರೂ ನೋಡುತ್ತಲೇ ಇದ್ದೆವು. ಅದು ಮತ್ತೆ ಅಲುಗಲಿಲ್ಲ.

ನಾನು ಮೂಲೆಯ ಬಾನಿಯಲ್ಲಿ ಗೋಣಿಚೀಲ ಅದ್ದಿ ತಲೆಗೆ ಹಾಕಿಕೊಂಡೆ. ಸಂಪಂಗಿರಾಮಯ್ಯ, "ನೀನಿರು" ಎಂದರು. ಇರಲಿಲ್ಲ. ಅವರೂ ಒಂದು ಚೀಲ ಅದ್ದಿಕೊಂಡರು.

ಹೊರಗೆ ಗಾಳಿ ಅನ್ನುವುದು ಗಾಳಿಯಾಗಿರಲಿಲ್ಲ. ಕಾದ ಮರಳಿನ ಗೋಡೆಯೊಂದು ನಮ್ಮ ಮೇಲೆ ಒರಗಿತ್ತು. ಉಸಿರು ಎಳೆದರೆ ಗಂಟಲಲ್ಲಿ ಕೆಂಡ ಇಳಿಯುತ್ತಿತ್ತು. ಚೀಲದ ನೀರು ಸುಂಯ್ ಎಂದು ಆರಿಹೋಯಿತು. ಕಣ್ಣಿದ್ದವರಿಗೂ ಏನೂ ಕಾಣದ ಹೊತ್ತಿನಲ್ಲಿ ಕನ್ನಡಕವಿಲ್ಲದ ನಾನು ಏನು ನೋಡಲಿ? ಬಾಗಿಲ ಮೇಲಿನ ಧ್ವನಿವರ್ಧಕದಿಂದ ಸುಗುಣ ಕೂಗುತ್ತಿದ್ದಳು. ಅವಳು ಗಂಡನ ಹೆಸರು ಕೂಗಲಿಲ್ಲ, ಅವಳ ಪರದೆಯಲ್ಲಿ ಗಂಡ ಇರಲಿಲ್ಲ.

"ಎಡಕ್ಕೆ, ಅಮ್ಮ! ಇನ್ನೂ ಎಡಕ್ಕೆ! ಗುಂಡಪ್ಪ ಅಲ್ಲೇ ಅವ್ನೆ, ನಿನ್ನ ಮುಂದೇನೇ ಅವ್ನೆ!"

ಕಾಲಿಗೆ ಮೆತ್ತಗೆ ತಗುಲಿತು. ಬಗ್ಗಿ ಮುಟ್ಟಿದೆ. ಮನುಷ್ಯನ ಬೆನ್ನು, ಸುಡುತ್ತಿತ್ತು. ಅತ್ತೆ ಯಾರು ಅಳಿಯ ಯಾರು ಅಂತ ಆಗ ನೋಡುವವರು ಯಾರು? ನಾನೊಂದು ತೋಳು, ಸಂಪಂಗಿರಾಮಯ್ಯ ಒಂದು ತೋಳು ಹಿಡಿದು ಎಳೆದೆವು. ಎಷ್ಟು ದೂರ ಎಳೆದೆವೋ. ಒಂದು ಗಾವುದ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಪ್ಪತ್ತು ಮಾರು ಅಂತ ಸಂಪಂಗಿರಾಮಯ್ಯ ಹೇಳುತ್ತಾರೆ.

ಹೊಸಿಲು ದಾಟಿದ ಕೂಡಲೇ ಪೆಟ್ಟಿಗೆ ಎಂದಿತು: "ಗುಂಡಪ್ಪ ಒಳಗೆ ಬಂದರು. ಎಲ್ಲರೂ ಸಿಕ್ಕಿದ್ದಾರೆ. ಬಾಗಿಲು ಮುಚ್ಚುತ್ತಿದ್ದೇನೆ."

ನಮ್ಮ ಮಧ್ಯೆ ನೆಲದ ಮೇಲೆ ಬಿದ್ದಿದ್ದ ಚಲಪತಿಯ ಬಗ್ಗೆ ಅದು ಒಂದು ಮಾತೂ ಆಡಲಿಲ್ಲ. ಅದರ ಲೆಕ್ಕದಲ್ಲಿ ಆತ ಮನೆಯಲ್ಲಿ ಮಲಗಿದ್ದ. ಆತನ ಮುಷ್ಟಿಯನ್ನು ಬಿಡಿಸಲು ಇಬ್ಬರು ಬೇಕಾಯಿತು. ಒಳಗೆ ಕೆಂಪು ದಾರ ಕಟ್ಟಿದ ದುಂಡನೆಯ ಕಲ್ಲು. ಸೊಂಟದ ಪಂಚೆಯ ಗಂಟಿನಲ್ಲಿ ಹುಣಸೆ ಚಿಗುರು, ಸುಟ್ಟು ಚಹಾಪುಡಿಯ ಹಾಗೆ ಕಪ್ಪಗಾಗಿತ್ತು.

*

ಬದುಕಿಕೊಂಡ. ಎರಡೂ ಅಂಗಾಲಿನ ಚರ್ಮ ಹೋಯಿತು, ಎಡಗಣ್ಣಿನ ಬೆಳಕು ಹೋಯಿತು. ಮಾತಾಡುವ ಹಾಗಾದ ಮೇಲೆ ಸುಗುಣ ಅತ್ತಳು, ಬೈದಳು, ಮತ್ತೆ ಅತ್ತಳು. ನಾನು ಕೇಳಿದ್ದು ಒಂದೇ.

"ಅಲ್ಲ ಅಳಿಯಂದ್ರೆ, ಜೀವ ಹೋಗೋ ಹೊತ್ನಲ್ಲಿ ಆ ಕಲ್ಲು ಯಾಕೆ ಎತ್ಕೊಂಡ್ರಿ?"

"ದಾರ ನಿಮ್ಮ ಸೀರೇದು ಅಂತ ಗುರ್ತು ಸಿಕ್ತು ಅತ್ತೆ," ಎಂದ. ಆಮೇಲೆ, "ಮಿಷಿನ್ನು ಹುಡುಕ್ತಾ ಇರೋದು ಇದ್ನೇ ಇರ್ಬೇಕು, ತಂದ್ರೆ ಸರಿಹೋಗ್ತದೆ ಅನ್ನಿಸ್ತು."

"ಇಷ್ಟು ಬುದ್ಧಿ ಇರೋರಿಗೆ ಅಂಗಿ ಹಾಕ್ಕೊಂಡು ಹೋಗೋ ಬುದ್ಧಿ ಬರ್ಲಿಲ್ವೇ?"

ಆತ ತುಟಿ ಅಲುಗಿಸಿದ. ನಗುವೇ ಇರಬೇಕು. "ನಿಮ್ಮ ಕನ್ನಡಕಾನೂ ಅಲ್ಲೇ ಬಿದ್ದಿತ್ತು ಅತ್ತೆ. ಕೈ ಸಾಲ್ಲಿಲ್ಲ."

ಹುಡುಕಮ್ಮ ಈಗ ಸರಿಹೋಗಿದ್ದಾಳೆ. ಸೌಟು ಎಲ್ಲಿ ಅಂದರೆ ಸೌಟು, ಒರಳು ಎಲ್ಲಿ ಅಂದರೆ ಒರಳು. ಗುಂಡಪ್ಪ ಗೂಡಿನಲ್ಲಿ ದೀಪದ ಪಕ್ಕದಲ್ಲಿ ಕೂತಿದ್ದಾನೆ. ಮನೆಗೆ ಕಲ್ಲು ತರಬಾರದು ಅನ್ನುವ ರೂಢಿಯನ್ನು ಬಿಟ್ಟುಬಿಟ್ಟೆ. ಆತನನ್ನು ಲೆಕ್ಕದಿಂದ ತೆಗೆಸುತ್ತೇವೆ ಅಂತ ಆಫೀಸಿನವರು ಬಂದಿದ್ದರು. ನಾನು ಬೆರಳು ಕೊಡಲಿಲ್ಲ. ಬಿಲ್ಲೆಯನ್ನು ಇನ್ನು ಮೇಲೆ ಚರ್ಮದೊಳಗೇ ಹೊಲಿಯುತ್ತಾರಂತೆ, ಆಗ ಯಾರೂ ಕಳೆಯುವುದಿಲ್ಲವಂತೆ. ಆಗಲಿ. ಹೊಲಿಯುವವರೂ ಮನುಷ್ಯರೇ, ಕಳೆಯುವವರೂ ಮನುಷ್ಯರೇ.

ಮೊನ್ನೆ ಮತ್ತೆ ಸೈರನ್ ಕೂಗಿತು. ಸುಗುಣ ಮನೆಯಲ್ಲೇ ಇದ್ದಳು, ತಿಂಗಳು ತುಂಬುತ್ತಾ ಬಂದಿದೆ.

"ನಾಲ್ವರೂ ಸಿಕ್ಕಿದ್ದಾರೆ," ಎಂದಳು ಹುಡುಕಮ್ಮ. "ಬಾಗಿಲು ಮುಚ್ಚಬಹುದು ಎಂದು ತಿಳಿಸಲೇ?"

"ತಡಿಯಮ್ಮ," ಎಂದೆ.

ಗೋಡೆ ಹಿಡಿದುಕೊಂಡು ಎದ್ದೆ. ಸುಗುಣಳ ಹಣೆ ಮುಟ್ಟಿದೆ, ಹೊಟ್ಟೆ ಮುಟ್ಟಿದೆ. ಒಳಗಿನದು ಒದೆಯಿತು. ಒಳಕೋಣೆಗೆ ಹೋದೆ. ಮಂಚದ ಮೇಲೆ ಕಂಬಳಿ ಗುಡ್ಡೆಯಾಗಿ ಕಾಣುತ್ತಿತ್ತು. ಹೊಸ ಕನ್ನಡಕ ಇದೆ, ಆದರೂ ಕಣ್ಣನ್ನು ನಂಬಲಿಲ್ಲ. ಕಂಬಳಿಯೊಳಗೆ ಕೈಹಾಕಿ, ಬಟ್ಟೆ ಸುತ್ತಿದ ಪಾದವನ್ನು ಹಿಡಿದೆ. ಆತ ನಾಚಿಕೊಂಡು ನಿದ್ದೆ ಬಂದವನ ಹಾಗೆ ನಟಿಸಿದ. ಹೆಬ್ಬೆರಳು ಮಾತ್ರ ಒಂದು ಸಲ ಅಲುಗಿತು, ಬೆಚ್ಚಗೆ.

"ಈಗ ಹೇಳಮ್ಮ," ಎಂದೆ ಗೋಡೆಯ ಕಡೆಗೆ ತಿರುಗಿ. "ಈಗ ಮುಚ್ಲಿ."